ಬಾಗಿಲು ಈ ವಾರ ಯಾವ ಕಡೆ?

ನಮ್ಮ ಸೋದರಮಾವನ ಮನೆಗೆ ಹೊರಟವರು ಬೇರೆ ಏನೂ ವಿಚಾರಿಸದಿದ್ದರೂ, ಬಾಗಿಲು ಈ ವಾರ ಯಾವ ಕಡೆಗಿದೆ ಎಂದು ಮಾತ್ರ ವಿಚಾರಿಸಿಕೊಂಡೇ ಹೋಗಬೇಕಿತ್ತು!

ಮಾವ ಚಿಕ್ಕಜಾಜೂರಿನಲ್ಲಿ ರೈಲ್ವೆ ಬಡಗಿ. ಎಪ್ಪತ್ತರ ದಶಕದ ನಡುವೆ ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಡಬೇಕಾಯಿತು. ವರ್ಗವಾದಾಗಲೆಲ್ಲ ಗಂಟುಮೂಟೆ ಕಟ್ಟಿ ಸಾಕಾಗಿದ್ದ ಅತ್ತೆ ಕೇಳಿದ್ದು ಇಷ್ಟೇ: "ಅಲುಗಾಡದ್ದೊಂದು ಮನೆ ಮಾಡಿಕೊಡ್ರಿ. ಇನ್ಮುಂದೆ ಒಂದೇ ಒಲೆ ಮುಂದೆ ಕುಂತಿರ್ತೀನಿ."

ಬಿ.ದುರ್ಗದ ಹತ್ತಿರ ಗುಡ್ಡದ ಬುಡದಲ್ಲಿ ಜಾಗ ಸಿಕ್ಕಿತು. ಅಲ್ಲಿ ಕುರಿಗಾಹಿಗಳು ಹೊಲದಿಂದ ಹೊಲಕ್ಕೆ ತಡಿಕೆ ಹೊತ್ತು ಕುರಿಹಟ್ಟಿ ಹಾಕುವುದನ್ನು ನೋಡಿದ್ದೇ ತಡ, ಮಾವನ ತಲೆಗೆ ಹುಳ ಹೊಕ್ಕಿತು. ಗುಡ್ಡ ಕಡಿಯಬಾರದು, ಮರ ಮುಟ್ಟಬಾರದು, ಪಾಯ ತೋಡಬಾರದು. ಮರದ ಚೌಕಟ್ಟಿಗೆ ಬಿದಿರು ತಡಿಕೆ ಬಿಗಿದು, ಕೆಮ್ಮಣ್ಣು ಮೆತ್ತಿ, ಗೋಡೆಗಳನ್ನು ನಟ್ಟು ಬೋಲ್ಟು ಹಾಕಿ ಜೋಡಿಸುವುದು, ಮೇಲೆ ಹುಲ್ಲು.

ಗುದ್ದಲಿ ಪೂಜೆಗೆ ಬಂದ ಅಯ್ನೋರು ಕಂಗಾಲಾದರು. "ಪಾಯಾನೇ ಇಲ್ಲ ಅಂದ್ರೆ ಗುದ್ದಲಿ ಎಲ್ಲಿಗೆ ಹಾಕ್ಲಿ?" ಮಾವ ನಟ್ಟು ಬಿಗಿಯುವ ಪಾನ ಮುಂದಿಟ್ಟು, "ಇದಕ್ಕೇ ಕುಂಕುಮ ಹಚ್ರಿ" ಎಂದರು.

ಮನೆ ಎದ್ದು ನಿಂತ ಮೇಲೆ ಹಿರಿಯ ಕುರಿಗಾಹಿಯೊಬ್ಬ ಸುತ್ತು ಹಾಕಿ ನೋಡಿದ. "ಎಲ್ಲಾ ನಮ್ ಕುರಿಹಟ್ಟಿ ತರಾನೇ ಐತೆ ಬುಡ್ರಿ. ನಾವು ಮಾತ್ರ ಅದರಾಗೆ ಮಲಗಲ್ಲ."

ಗೃಹಪ್ರವೇಶದ ದಿನ ಅಯ್ನೋರು ಸೇಡು ತೀರಿಸಿಕೊಂಡರು. "ಬಾಗ್ಲು ದಕ್ಷಿಣಕ್ಕೈತೆ, ಒಳ್ಳೇದಲ್ಲ." ಬೇರೆಯವರಾಗಿದ್ದರೆ ಶಾಂತಿ ಮಾಡಿಸುತ್ತಿದ್ದರು. ಮಾವ ಮನೆಯನ್ನೇ ಬಿಚ್ಚಿ ಪೂರ್ವಕ್ಕೆ ತಿರುಗಿಸಿದರು! ಆಮೇಲೆ ಗಾಳಿಗೊಂದು ಸಲ, ಬಿಸಿಲಿಗೊಂದು ಸಲ. ಒಡೆಯದೆ ಉಳಿಸಿದ್ದ ಬಂಡೆಯೊಂದು ಮೊದಲು ಅಡುಗೆಮನೆಯಲ್ಲಿತ್ತು, ನಂತರ ನಡುಮನೆಗೆ ಬಂತು. ಪಾಪ, ಅದು ಇದ್ದಲ್ಲೇ ಇತ್ತು. ಇಡೀ ಮನೆಯಲ್ಲಿ ಅತ್ತೆಯ ಮಾತು ಕೇಳಿದ್ದು ಅದೊಂದೇ.

ಈ ನಡುವೆ ಅತ್ತೆಯ ಕಣ್ಣು ಮಂಜಾಗಿತ್ತು. ಯಾರಿಗೂ ಹೇಳಿರಲಿಲ್ಲ. ನಾಲ್ಕನೆಯ ಸಲ ಮನೆ ತಿರುಗಿದ ಮರುದಿನ ಬೆಳಿಗ್ಗೆ, ಹಿಂದಿನ ವಾರ ಒಲೆಯಿದ್ದ ಕಡೆ ಗೋಡೆ ತಡಕುತ್ತಾ ನಿಂತಿದ್ದರು. "ಒಲೆ ಈಗ ಎಲ್ಲೈತ್ರಿ?"

ಮಾವ ಕೈಹಿಡಿದು ಕರೆತಂದು ಒಲೆಯ ಮುಂದೆ ಕೂರಿಸಿದರು. ಆಮೇಲೆ ಸುತ್ತಿಗೆ ಹಿಡಿದು ಹೊರಗೆ ಬಂದು, ಇನ್ನೆಂದೂ ನಟ್ಟು ಕಳಚದಂತೆ ಒಂದೊಂದೇ ಬೋಲ್ಟಿನ ತುದಿಯನ್ನು ಬಡಿದು ಚಪ್ಪಟೆ ಮಾಡುತ್ತಾ ಹೋದರು. ಅಷ್ಟು ದಿನ ಅವರನ್ನು ನೋಡಿ ನಕ್ಕಿದ್ದ ನಾನು ಅವತ್ತು ಬೋಲ್ಟು ಅಲುಗದಂತೆ ಆಚೆ ಕಡೆಯಿಂದ ಒತ್ತಿ ಹಿಡಿದೆ.

ಒಳಗಿನಿಂದ ಅತ್ತೆಯ ದನಿ ಬಂತು. "ಏನ್ರೀ ಅದು ಸದ್ದು? ಮತ್ತೆ ಬಿಚ್ತಾ ಇದೀರಾ?"

"ಇಲ್ಲ ಕಣೇ," ಎಂದರು ಮಾವ. "ಕಟ್ತಾ ಇದೀನಿ."