ಮಾವನ ಕಾರಿನ ಒಳಗಿನ ಬೆಲ್ಟು

ನಮ್ಮ ಮಾವ ಇಡೀ ಮುಂಬಯಿಯಲ್ಲಿ ಯಾರನ್ನು ಬೇಕಾದರೂ ನಂಬುತ್ತಾರೆ, ‘ಬದಲಾಯಿಸಿದ್ದೇನೆ’ ಎನ್ನುವವರನ್ನು ಮಾತ್ರ ನಂಬುವುದಿಲ್ಲ! ತಪ್ಪು ಅವರದಲ್ಲ ಬಿಡಿ. ಚೆಂಬೂರಿನಲ್ಲಿ ಜೀವಮಾನವಿಡೀ ಹೋಟೆಲು ನಡೆಸಿದವರು. ಅಲ್ಲಿ ಭಟ್ಟರು ‘ಎಣ್ಣೆ ಬದಲಾಯಿಸಿದೆ’ ಎಂದರೆ ಹಳೆಯ ಎಣ್ಣೆಯ ಮೇಲೆ ಹೊಸದನ್ನು ಸುರಿದೆ ಎಂದರ್ಥ. ಹಾಗಾಗಿ ಮಾವ ಹಳೆಯದನ್ನು ಕಣ್ಣೆದುರೇ ಚೆಲ್ಲಿಸಿ, ಬಾಣಲೆ ಒರೆಸಿಸಿ, ಆಮೇಲೆ ಹೊಸ ಡಬ್ಬ ಒಡೆಸುತ್ತಿದ್ದರು. ಮನೆಯಲ್ಲೂ ಅದೇ ಕತೆ. ಅತ್ತೆ ದಿಂಬಿನ ಕವರು ಬದಲಾಯಿಸಿದರೆ ಹಳೆಯದನ್ನು ತಂದು ತೋರಿಸಬೇಕು!

ಇಂಥ ಮನುಷ್ಯ ಹೋಟೆಲನ್ನು ತಮ್ಮನಿಗೆ ವಹಿಸಿದ ಮೇಲೆ ಏನು ಕೊಂಡರು ಗೊತ್ತೇ? ಕೆಂಪು ಬಣ್ಣದ, ಎರಡೇ ಸೀಟಿನ, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು! ಅದರೊಳಗೆ ಮೊದಲು ಅವರ ಹೊಟ್ಟೆ ಹೋಗಬೇಕು, ಉಳಿದ ಮಾವ ಆಮೇಲೆ. ಯಾಕೆಂದು ಕೇಳಿದರೆ ಒಂದೇ ಉತ್ತರ: “ನಿನ್ನ ಅತ್ತೆಯನ್ನು ಲೋಣಾವಳಕ್ಕೆ ಕರ್ಕೊಂಡು ಹೋಗ್ಲಿಕ್ಕುಂಟು ಮಾರಾಯ.”

ಮದುವೆಯಾದಂದಿನಿಂದ ಉಂಟು, ಘಾಟಿಯ ಮೇಲಿನ ಆ ಲೋಣಾವಳಕ್ಕೆ ಹೋಗುವ ಮಾತು! ಹೊರಟಾಗಲೆಲ್ಲ ಒಂದೊಂದು ವಿಘ್ನ: ಒಮ್ಮೆ ಭಟ್ಟರು ಊರಿಗೆ ಓಡಿದರು, ಇನ್ನೊಮ್ಮೆ ಗ್ರೈಂಡರ್ ಕೆಟ್ಟಿತು. ನಸುಕಿಗೇ ಹೋಟೆಲಿಗೆ ಹೋಗಿ ರಾತ್ರಿ ಬರುವ ಗಂಡನ ಹತ್ತಿರ ಅತ್ತೆ ಹಾಲು, ಮೊಸರು ಬಿಟ್ಟು ಬೇರೇನು ಮಾತಾಡಿಯಾರು? ಈ ಸಲ ಕಡ್ಡಿ ಮುರಿದಂತೆ ಹೇಳಿಬಿಟ್ಟರು: “ನಿಮ್ಮ ಈ ಡಬ್ಬ ಘಾಟಿಯಲ್ಲಿ ನಿಂತ್ರೆ ಮತ್ತೆ ಈ ಜನ್ಮದಲ್ಲಿ ನಿಮ್ಮೊಟ್ಟಿಗೆ ಹೊರಡ್ಲಿಕ್ಕಿಲ್ಲ, ಆಯ್ತಾ?” ಮಾವನ ಮುಖ ಇಷ್ಟೇ ಇಷ್ಟಾಯಿತು.

ಕಾರು ಮಾರಿದ ಪವಾಯಿಯ ಹುಡುಗ, “ಟೈಮಿಂಗ್ ಬೆಲ್ಟ್ ಬದಲ್ ದಿಯಾ, ಅಂಕಲ್” ಎಂದಿದ್ದ. ಇಂಜಿನ್ನಿನೊಳಗೆ ಎಲ್ಲವನ್ನೂ ತಾಳಕ್ಕೆ ಸರಿಯಾಗಿ ತಿರುಗಿಸುವ ಹಲ್ಲಿನ ಪಟ್ಟಿ ಅದು. ತುಂಡಾಯಿತೋ, ಇಂಜಿನ್ನೇ ಮಟಾಷ್! ಅತ್ತೆಯ ಮಾತು ಕೇಳಿದ ಮೇಲೆ ಆ ‘ಬದಲ್’ ಮಾವನ ಗಂಟಲಲ್ಲಿ ಸಿಕ್ಕಿಕೊಂಡಿತು. ನನ್ನನ್ನು ಪಕ್ಕದ ಸೀಟಿಗೆ ತುರುಕಿ ಭಾಂಡುಪ್‌ನ ಗ್ಯಾರೇಜಿಗೆ ಹೊರಟೇಬಿಟ್ಟರು.

ಗ್ಯಾರೇಜಿನ ಚಾಚಾ ವಿಜಯಪುರದ ಕಡೆಯವರು. ಬಾನೆಟ್ ಎತ್ತಿ ನೋಡಿ, “ಬೆಲ್ಟ್ ಹೊಸಾದ ಐತಲ್ರೀ ಸೇಠ್!” ಎಂದರು.

“ಅದು ಹೊರಗಿನದ್ದು. ಒಳಗಿನದ್ದು ತೋರ್ಸಿ.”

“ಕವರ್ ಬಿಚ್ಚಬೇಕಾಗ್ತೈತ್ರೀ. ಭಾಳ ಕೆಲಸ.”

“ಬಿಚ್ಚಿ. ನಾನು ಇಲ್ಲೇ ಕೂತ್ಕೊಳ್ತೇನೆ.”

ಕೂತರು! ಚಹಾದ ಮೇಲೆ ಚಹಾ ಕುಡಿಯುತ್ತ, ಪ್ರತಿ ಚಹಾವನ್ನೂ ಬೈಯುತ್ತ ಕೂತರು. ಕೊನೆಗೂ ಕವರು ಬಿಚ್ಚಿತು. ಒಳಗಿನ ಬೆಲ್ಟಿನ ಮೈಯೆಲ್ಲ ಬಿರುಕು, ಹಲ್ಲು ಸವೆದಿದೆ, ಸಾಲದ್ದಕ್ಕೆ ಸೀಲಿನಿಂದ ಸೋರಿದ ಆಯಿಲಿನಲ್ಲಿ ಮಿಂದಿದೆ. ಹಿಂದೆ ಸರ್ವಿಸ್ ಮಾಡಿದ ಪುಣ್ಯಾತ್ಮ ಹೊರಗಿನ ಫ್ಯಾನ್ ಬೆಲ್ಟನ್ನಷ್ಟೇ ಬದಲಾಯಿಸಿ ಕೈತೊಳೆದುಕೊಂಡಿದ್ದ!

“ಯಾ ಅಲ್ಲಾ! ಘಾಟ್ ಹತ್ತಿದ್ರ ಅಲ್ಲೇ ಖಲಾಸ್ ಆಗ್ತಿತ್ರೀ,” ಎಂದರು ಚಾಚಾ.

ಮಾವ ತೊಡೆ ತಟ್ಟಿ ನಕ್ಕರು. “ನಾನು ಹೇಳ್ಲಿಲ್ವಾ? ಎಣ್ಣೆ ಮೇಲೆ ಎಣ್ಣೆ!” ತನ್ನ ಕಾರು ಹಾಳಾಗಿದೆ ಎಂದು ಕೇಳಿ ಇಷ್ಟು ಖುಷಿಪಟ್ಟ ಗಿರಾಕಿಯನ್ನು ಚಾಚಾ ಕಂಡಿರಲಿಕ್ಕಿಲ್ಲ.

ಹೊಸ ಬೆಲ್ಟ್ ಬಂತು. ಅದನ್ನು ಬಿಗಿಯಾಗಿ ಹಿಡಿಯುವ ಗಾಲಿಯನ್ನು ತೋರಿಸಿ ಚಾಚಾ, “ಇದು ಹಳೇದ ನಡೀತೈತ್ರೀ” ಎಂದದ್ದೇ ತಪ್ಪಾಯಿತು.

“ನಡೀತದೆ ಅಂತ ಹೇಳಿದ ಭಟ್ರು ಮರುದಿನ ನನ್ನ ಹೋಟೆಲಲ್ಲಿ ಇರ್ತಿರ್ಲಿಲ್ಲ!”

ಗಾಲಿ, ಸೀಲು ಎಲ್ಲ ಹೊಸದಾಗಿ ಬಂದವು. ಹಳೆಯ ಬೆಲ್ಟನ್ನು ಮಾವನ ಕಣ್ಣೆದುರೇ ತುಂಡು ಮಾಡಬೇಕಾಯಿತು. ಅದು ಮತ್ತೆ ಎದ್ದು ಬಂದು ಇಂಜಿನ್ನಿಗೆ ಸೇರಿಕೊಂಡರೆ!

ಭಾನುವಾರ ಇಬ್ಬರೂ ಹೊರಟರು. ಎಲ್ಲಿ ನಿಂತುಹೋಯಿತೋ ಎಂದು ನಾನು ಫೋನು ಹಿಡಿದೇ ಕೂತಿದ್ದೆ. ಮಧ್ಯಾಹ್ನ ಅತ್ತೆಯೇ ಮಾಡಿದರು.

“ಗಾಡಿ ನಿಂತಿತಾ ಅತ್ತೇ?”

“ಇಲ್ಲ ಮಾರಾಯ, ಘಾಟಿ ಹತ್ತಿತು. ನಿನ್ನ ಮಾವ ದಾರಿಯಿಡೀ ಮಾತಾಡಿದ್ರು. ಮದುವೆಗೆ ಮುಂಚೆ ನಾನು ಎಂಥ ಓದ್ತಿದ್ದೆ, ನಂಗೆ ಎಂಥ ಇಷ್ಟ ಅಂತೆಲ್ಲ ಕೇಳಿದ್ರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರ್ಲಿಲ್ಲ ನೋಡು.”

ನನಗೆ ಅಳು ಬಂದುಬಿಟ್ಟಿತು. ಹೇಗೋ ಸುಧಾರಿಸಿಕೊಂಡು, “ಲೋಣಾವಳ ಹೇಗುಂಟು?” ಎಂದೆ.

“ಎಲ್ಲಿಯ ಲೋಣಾವಳ! ಅದು ಆಗ್ಲೇ ಹಿಂದೆ ಹೋಯ್ತು. ಮಾತು ಮುಗೀಲಿಲ್ಲ, ಇನ್ನೂ ಸ್ವಲ್ಪ ಮುಂದೆ ಹೋಗುವ ಅಂದ್ರು. ನಾನೂ ಆಯ್ತು ಅಂದೆ.”