ಓವನ್ನಿನಲ್ಲಿ ಬೆಂದ ಅಧ್ಯಕ್ಷಗಿರಿ

"ಈ ಸಲವೂ ನನ್ನ ತಂಡ ಕೊನೇ ಸ್ಥಾನಕ್ಕೆ ಬಂದ್ರೆ, ಈ ಅಧ್ಯಕ್ಷಗಿರಿಯನ್ನ ಇದೇ ಟೇಬಲ್ ಮೇಲೆ ಇಟ್ಟು ಎದ್ದು ಹೋಗ್ತೀನಿ!"

ಹೀಗೆ ಘರ್ಜಿಸಿ ಟೇಬಲ್ಲು ಗುದ್ದಿದವರು ಬೀಗ ರಿಪೇರಿ ಅಂಗಡಿಯವರು. ಗುದ್ದಿದ ರಭಸಕ್ಕೆ ಪ್ಲಂಬರನ ಕಾಫಿ ಚೆಲ್ಲಿತು. ಸಭೆ ನಡೆಯುತ್ತಿದ್ದದ್ದು ಅವರದೇ ಮನೆಯ ಊಟದ ಟೇಬಲ್ಲಿನ ಸುತ್ತ. ಎದ್ದು ಹೋಗುವುದಾದರೂ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಹೆಂಡತಿ ಮಾತ್ರ ಒಂದು ಬಟ್ಟೆ ತಂದು ಮುಂದೆ ಹಾಕಿ, "ಮೊದಲು ಕಾಫಿ ಒರೆಸಿ, ಆಮೇಲೆ ರಾಜೀನಾಮೆ ಕೊಡೋರಂತೆ" ಎಂದಳು. ಅಧ್ಯಕ್ಷರು ಒರೆಸಿದರು.

ಅಧ್ಯಕ್ಷಗಿರಿ ಎಂದರೆ ಬ್ಯಾಂಕಿನದಲ್ಲ, ಸರ್ಕಾರದ್ದಂತೂ ಅಲ್ಲವೇ ಅಲ್ಲ. ಗೆಳೆಯರು ಸೇರಿ ಇಂಟರ್‌ನೆಟ್ಟಿನಲ್ಲಿ ನಡೆಸುವ ಬೇಸ್‌ಬಾಲ್ ಲೀಗಿನದು. ಬೀಗದ ಅಂಗಡಿಯವರು, ಪ್ಲಂಬರ್, ಗಣಿತದ ಮೇಷ್ಟ್ರು, ಹೆಂಡತಿಯ ತಮ್ಮ ಅಂದರೆ ಬಾಮೈದ, ಹೀಗೆ ನಾಲ್ಕು ಜನ, ನಾಲ್ಕು ತಂಡ. ಇವರಲ್ಲಿ ಒಬ್ಬರೂ ಹುಟ್ಟಿದಾಗಿನಿಂದ ಬೇಸ್‌ಬಾಲಿನ ದೊಣ್ಣೆ ಮುಟ್ಟಿದವರಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ. ಆಟಗಾರರೆಲ್ಲ ಕಂಪ್ಯೂಟರ್ ಹೆತ್ತ ಮಕ್ಕಳು; ಅವರ ಹೆಸರು, ಮುಖ, ತೋಳಿನ ಬಲ, ಕಾಲಿನ ವೇಗ ಎಲ್ಲವನ್ನೂ ಅದೇ ಕೊಡುತ್ತದೆ. ಇವತ್ತು ಚೆಂಡು ಎಸೆಯುವವನು ಯಾರು, ಮೊದಲು ಬ್ಯಾಟು ಬೀಸುವವನು ಯಾರು ಎಂದು ಮಾಲೀಕ ತೀರ್ಮಾನಿಸಿ ಹೇಳಬೇಕು. ಸಂಜೆ ಕಂಪ್ಯೂಟರು ಆಟ ಆಡಿಸಿ ಯಾರು ಗೆದ್ದರು ಎಂದು ಒದರುತ್ತದೆ. ಮಾಲೀಕ ಏನೂ ಹೇಳದೆ ಸುಮ್ಮನಿದ್ದುಬಿಟ್ಟರೆ ಅವನ ತಂಡವನ್ನು ಯಂತ್ರವೇ ನಡೆಸುತ್ತದೆ. ಇಷ್ಟೇ ಆಟ.

ಇಷ್ಟಕ್ಕೆ ಇಷ್ಟೊಂದು ಆರ್ಭಟವೇ ಎಂದು ನೀವು ಕೇಳಬಹುದು. ಬೀಗದ ಅಂಗಡಿಯವರ ಕಷ್ಟ ನಿಮಗೇನು ಗೊತ್ತು! ಮನೆಯ ಹೊರಗೆ ಸಿಕ್ಕಿಹಾಕಿಕೊಂಡವರು ಫೋನ್ ಮಾಡಿ, "ಎಲ್ಲಿ ಸತ್ತಿದ್ದೀಯಯ್ಯಾ, ಬೇಗ ಬಾ" ಎನ್ನುತ್ತಾರೆ. ಓಡಿ ಹೋಗಿ ಬಾಗಿಲು ತೆಗೆದುಕೊಟ್ಟರೆ, "ಅಯ್ಯೋ, ಇಷ್ಟೇನಾ? ನಾನೇ ತೆಗೀಬಹುದಿತ್ತು" ಎನ್ನುತ್ತಾರೆ. ಮನೆಯಲ್ಲಿ 'ರೀ' ಎಂಬ ಕರೆ ಬಂತೆಂದರೆ ಹಿಂದೆಯೇ ಕಸದ ಬುಟ್ಟಿ ಬರುತ್ತದೆ. ಇಡೀ ಪ್ರಪಂಚದಲ್ಲಿ ಅವರನ್ನು 'ಅಧ್ಯಕ್ಷರೇ' ಎನ್ನುವ ಜಾಗ ಈ ಲೀಗು ಒಂದೇ. ಆ ಮಾತು ಕಿವಿಗೆ ಬಿದ್ದರೆ ಸಾಕು, ಅಂಗಡಿಯಲ್ಲಿ ಬಗ್ಗಿ ಬಗ್ಗಿ ಗೂನು ಬಿದ್ದಿದ್ದ ಬೆನ್ನು ತಾನೇ ನೆಟ್ಟಗಾಗುತ್ತಿತ್ತು. ಅದನ್ನು ಕಳೆದುಕೊಳ್ಳಲು ಅವರು ಸುತರಾಂ ತಯಾರಿರಲಿಲ್ಲ.

ಆದರೆ ತಂಡ ನಡೆಸುವ ವಿದ್ಯೆಯೊಂದು ಬಿಟ್ಟು ಉಳಿದೆಲ್ಲ ಅವರಿಗೆ ಒಲಿದಿತ್ತು. ಅವರ ತಂಡದಲ್ಲಿ ಭಯಂಕರ ವೇಗದಲ್ಲಿ ಚೆಂಡೆಸೆಯುವವನೊಬ್ಬನಿದ್ದ. ಅವನಿಗೆ 'ಸಿಡಿಲು' ಎಂದು ನಾಮಕರಣ ಮಾಡಿ, ಪ್ರತಿ ಸಂಜೆ ಅವನನ್ನೇ ಇಳಿಸುತ್ತಿದ್ದರು. ಇನ್ನೊಬ್ಬನ ಫೋಟೊದಲ್ಲಿ ಮೀಸೆ ಚೆನ್ನಾಗಿತ್ತು, ಆದ್ದರಿಂದ ಬ್ಯಾಟಿಂಗಿಗೆ ಮೊದಲು ಅವನೇ.

"ಅಧ್ಯಕ್ಷರೇ, ಸಿಡಿಲಿಗೆ ಒಂದೆರಡು ದಿನ ರಜ ಕೊಡಿ. ತೋಳಿನ ಸುಸ್ತಿಗೂ ಆಟದಲ್ಲಿ ಲೆಕ್ಕ ಇದೆ" ಎಂದು ಮೇಷ್ಟ್ರು ಒಮ್ಮೆ ಹೇಳಿಯೂ ನೋಡಿದರು.

"ಕಂಪ್ಯೂಟರಿನ ತೋಳಿಗೆ ಎಂಥ ಸುಸ್ತು ಮೇಷ್ಟ್ರೇ! ಅದೇನು ಕಲ್ಲು ಹೊರ್ತಾ ಇದೆಯಾ?"

ಮೇಷ್ಟ್ರು ಮತ್ತೆ ಆ ಮಾತೆತ್ತಲಿಲ್ಲ. ಸಿಡಿಲು ದಿನದಿನಕ್ಕೆ ತುಂತುರಾಗುತ್ತ ಬಂದ. ಸೀಸನ್ ಮುಗಿಯಲು ಕೆಲವೇ ಆಟಗಳಿರುವಾಗ ಅಧ್ಯಕ್ಷರ ತಂಡ ಎಂದಿನಂತೆ ತಳದಲ್ಲಿ ಬೆಚ್ಚಗೆ ಕೂತಿತ್ತು.

ಇದೇ ಹೊತ್ತಿಗೆ ಬಾಮೈದನ ಮನೆಗೆ ಬಣ್ಣ ಹೊಡೆಯುವ ಕೆಲಸ ಶುರುವಾಗಿ, ಅವನು ಹಾಸಿಗೆ ಬಟ್ಟೆ ಸಮೇತ ಅಕ್ಕನ ಮನೆಗೆ ಬಂದಿಳಿದ. ವ್ಯಾನ್ ಓಡಿಸುವ ಹುಡುಗಾಟಿಕೆಯ ಮನುಷ್ಯ, ಯಾರಿಗೂ ಕೇಡು ಬಯಸಿದವನಲ್ಲ. ಆದರೆ ಲೀಗಿನಲ್ಲಿ ಮೊದಲ ಸ್ಥಾನ ಅವನದು. ಅಧ್ಯಕ್ಷರು ಕುರ್ಚಿ ಬಿಟ್ಟರೆ ಅದರಲ್ಲಿ ಕೂರುವವನೂ ಅವನೇ ಎಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ತಂಡ ಕಟ್ಟುತ್ತ ಕೂತಿದ್ದಾಗ ಅವನು ಕೋಣೆಯೊಳಗೆ ಬಂದು ಟವೆಲ್ಲು ತೆಗೆದುಕೊಂಡು ಹೋದ.

"ನೋಡಿದ್ಯಾ? ಗೂಢಚಾರಿಕೆ!" ಎಂದರು ಅಧ್ಯಕ್ಷರು.

"ಸ್ನಾನ ಕಣ್ರೀ ಅದು" ಎಂದಳು ಹೆಂಡತಿ.

ಅಧ್ಯಕ್ಷರು ಮೋಸ ಹೋಗುವವರೇ? ಕೂಡಲೇ ಪಾಸ್‌ವರ್ಡ್ ಬದಲಾಯಿಸಿದರು. ಅಕ್ಷರ, ಅಂಕಿ, ಚುಕ್ಕೆ, ಗೀಟು, ಕೀಬೋರ್ಡಿನಲ್ಲಿ ಅಲ್ಲಿಯವರೆಗೆ ಯಾರೂ ಒತ್ತದ ಚಿಹ್ನೆ, ಎಲ್ಲವೂ ಸೇರಿದ ಮಹಾ ಪಾಸ್‌ವರ್ಡು! ನೆನಪಿಟ್ಟುಕೊಳ್ಳುವ ಗೋಜು ಲ್ಯಾಪ್‌ಟಾಪಿಗೇ ಬಿಟ್ಟರು. ಇನ್ನು ಉಳಿದದ್ದು ಲ್ಯಾಪ್‌ಟಾಪನ್ನೇ ಬಚ್ಚಿಡುವ ಕೆಲಸ. ಬೀರುವಿನಲ್ಲಿ ಬಾಮೈದನ ಬಟ್ಟೆ ಸೇರಿತ್ತು. ಹಾಸಿಗೆಯಡಿ ಇಟ್ಟರೆ ಹೆಂಡತಿ ಅದರ ಮೇಲೇ ಕೂತಳು. ಕೊನೆಗೆ ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ಓವನ್ನು. ಬಹಳ ಉತ್ಸಾಹದಿಂದ ಕೊಂಡು, ಆಮೇಲೆ ಹಿಡಿ ಮುರಿದ ಬಾಣಲೆಗಳ ವೃದ್ಧಾಶ್ರಮವಾಗಿದ್ದ ಓವನ್ನು! ಅದರ ಬಾಗಿಲು ತೆರೆದದ್ದು ಯಾವಾಗ ಎಂದು ಯಾರಿಗೂ ನೆನಪಿರಲಿಲ್ಲ. ಬಾಣಲೆಗಳ ಹಿಂದೆ ಲ್ಯಾಪ್‌ಟಾಪ್ ಸೇರಿತು. ಬೀಗವಿಲ್ಲದೆ ಇಂಥ ಭದ್ರತೆ ಮಾಡಿದ ತಮ್ಮ ಬುದ್ಧಿಗೆ ಅವರೇ ತಲೆದೂಗಿದರು.

ಸೀಸನ್ನಿನ ಕೊನೇ ವಾರ ಬಂತು. ಭಾನುವಾರದ ಕೊನೇ ಆಟಕ್ಕೆ ಎಲ್ಲರೂ ಇವರ ಮನೆಯಲ್ಲೇ ಸೇರುವುದೆಂದು ಮಾತಾಗಿತ್ತು. ಸೋಮವಾರ ಮಧ್ಯಾಹ್ನ ಅಧ್ಯಕ್ಷರು ಅಂಗಡಿಯಿಂದ ಊಟಕ್ಕೆ ಬಂದಾಗ ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಬಾಮೈದ ಮೂಗಿಗೆ ಕರ್ಚೀಫು ಕಟ್ಟಿಕೊಂಡು ರಟ್ಟಿನಿಂದ ಹೊಗೆ ಬೀಸುತ್ತಿದ್ದ. ಅಡುಗೆಮನೆಯ ನೆಲದ ಮೇಲೆ ಕಪ್ಪಗೆ, ಅಂಚು ಮಡಚಿಕೊಂಡು, ಬಾಣಲೆಯೊಂದನ್ನು ಅಪ್ಪಿಕೊಂಡ ವಸ್ತುವೊಂದು ಬಿದ್ದಿತ್ತು. ಅದರ ಮೈಯಲ್ಲಿ ಅಲ್ಲಲ್ಲಿ ಕೀಬೋರ್ಡಿನ ಕೀಲಿಗಳು ಕಾಣುತ್ತಿದ್ದವು.

"ಅಯ್ಯಯ್ಯೋ!" ಎಂದರು ಅಧ್ಯಕ್ಷರು.

"ಭಾನುವಾರ ಎಲ್ಲರೂ ಬರ್ತಾರಲ್ಲ, ಕೇಕ್ ಮಾಡೋಣ ಅಂತಿದ್ದೆ" ಎಂದಳು ಹೆಂಡತಿ. "ಇಷ್ಟು ವರ್ಷದ ಮೇಲೆ ಓವನ್ ಕೆಲಸ ಮಾಡುತ್ತೋ ಇಲ್ವೋ ನೋಡೋಕೆ ಸುಮ್ನೆ ಓವನ್ ಹಚ್ಚಿದೆ. ಬಾಣಲೆಗಳೇ ತಾನೆ, ಕಾದ್ರೆ ಏನಾಯ್ತು ಅಂತ... ರೀ, ಇದು ಇಲ್ಲಿ ಯಾಕಿತ್ತು?"

"ಸೇಫಾಗಿರ್ಲಿ ಅಂತ ಇಟ್ಟಿದ್ದೆ."

"ಯಾರಿಂದ?"

ಬಾಮೈದ ಬೀಸುವುದನ್ನು ನಿಲ್ಲಿಸಿ ಇತ್ತ ತಿರುಗಿದ. ಅಧ್ಯಕ್ಷರು, "ಧೂಳಿಂದ" ಎಂದರು.

"ಪುಣ್ಯಕ್ಕೆ ಧೂಳು ಒಂಚೂರೂ ಕೂತಿಲ್ಲ ಬಿಡಿ ಭಾವ" ಎಂದು ಅವನು ಸಮಾಧಾನ ಹೇಳಿದ.

ಅಧ್ಯಕ್ಷರು ಫೋನ್ ಹಿಡಿದು ಬಚ್ಚಲುಮನೆ ಸೇರಿದರು. ಲೀಗಿನ ಆಟ ನೋಡಲು ಪಾಸ್‌ವರ್ಡ್ ಬೇಕಿಲ್ಲ, ತಂಡ ನಡೆಸಲು ಬೇಕು. ಮಹಾ ಪಾಸ್‌ವರ್ಡನ್ನು ನೆನೆನೆನೆದು ಒತ್ತಿದರು. ಚುಕ್ಕೆ ಮೊದಲೋ ಗೀಟು ಮೊದಲೋ? ಹಾಗೊಮ್ಮೆ, ಹೀಗೊಮ್ಮೆ ಒತ್ತುತ್ತಲೇ ಇದ್ದಾಗ ವೆಬ್‌ಸೈಟಿಗೆ ಬೇಸರವಾಗಿ ಬಾಗಿಲು ಹಾಕಿಕೊಂಡಿತು. ಪಾಸ್‌ವರ್ಡ್ ಮರೆತವರು ಲೀಗಿನ ಅಧ್ಯಕ್ಷರಿಗೆ ಅರ್ಜಿ ಸಲ್ಲಿಸಬೇಕು ಎಂದು ಹೇಳಿತು. ಈ ನಿಯಮ ಮಾಡಿದವರೇ ಇವರು! ಹಿಂದೊಮ್ಮೆ ಪ್ಲಂಬರ್ ಮರೆತಾಗ, "ಕೀ ಕಳ್ಕೊಂಡ್ರೆ ಕ್ಷಮಿಸಬಹುದು, ಪಾಸ್‌ವರ್ಡ್ ಮರೆತೋನು ಮಾಲೀಕನೇ ಅಲ್ಲ!" ಎಂದು ಎಲ್ಲರೆದುರು ಭಾಷಣ ಬಿಗಿದು ಅವನ ಮುಖ ಸಣ್ಣದು ಮಾಡಿದ್ದರು. ಈಗ ಬೇರೆ ದಾರಿಯಿಲ್ಲದೆ ಅರ್ಜಿ ಒತ್ತಿದರು. 'ನಿಮ್ಮ ಅರ್ಜಿ ಅಧ್ಯಕ್ಷರ ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಅಧ್ಯಕ್ಷರೋ ಬಚ್ಚಲುಮನೆಯಲ್ಲಿದ್ದರು. ಅರ್ಜಿ ನೋಡಬೇಕೆಂದರೆ ಅವರು ಲೀಗಿನ ಒಳಗೆ ಹೋಗಬೇಕು, ಒಳಗೆ ಹೋಗಬೇಕೆಂದರೆ ಪಾಸ್‌ವರ್ಡ್ ಬೇಕು.

ಹೆಂಡತಿಯ ಹತ್ತಿರ ಮಾತ್ರ ಎಲ್ಲ ಒಪ್ಪಿಕೊಂಡರು.

"ಊರೋರ ಬಾಗಿಲೆಲ್ಲಾ ತೆಗೀತೀರಿ, ನಿಮ್ಮದೊಂದು ತೆಗೆಯೋಕಾಗಲ್ವಾ?"

"ಆ ಬಾಗಿಲಿಗೆಲ್ಲ ತೂತಿರುತ್ತೆ ಕಣೇ! ಇದಕ್ಕೆ ತೂತೇ ಇಲ್ಲ!"

"ಹೋಗ್ಲಿ, ನನ್ನ ತಮ್ಮನ್ನ ಕೇಳಿ. ಅವನು ಏನಾದ್ರೂ ಮಾಡ್ತಾನೆ."

"ಪ್ರಾಣ ಹೋದ್ರೂ ಇಲ್ಲ! ಪಾಸ್‌ವರ್ಡ್ ವಿಷಯ ಬಾಯಿ ಬಿಡಬೇಡ. ಫೋನಲ್ಲೇ ತಂಡ ನಡೆಸ್ತಿದ್ದಾರೆ ಅಂತ ಹೇಳು, ಸಾಕು."

ಸಂಜೆ ಅಧ್ಯಕ್ಷರು ಫೋನಿನಲ್ಲಿ ಕಣ್ಣು ನೆಟ್ಟು ಕೂತರು. ಮಾಲೀಕನಿಲ್ಲದ ತಂಡವನ್ನು ಯಂತ್ರ ವಹಿಸಿಕೊಂಡಿತ್ತು. ಬಂದದ್ದೇ ತಡ, ಸಿಡಿಲನ್ನು ಬೆಂಚಿನ ಮೇಲೆ ಕೂರಿಸಿತು. ಮೀಸೆಯವನನ್ನು ಬ್ಯಾಟಿಂಗಿನಲ್ಲಿ ಬಾಲಕ್ಕೆ ತಳ್ಳಿತು. ಚೆಂಡೆಸೆಯಲು ಇಳಿದವನು, ಫೋಟೊದಲ್ಲೇ ನಿದ್ದೆ ಮಾಡುತ್ತಿದ್ದಾನೆಂದು ಅಧ್ಯಕ್ಷರು ಮೂಲೆಗೆ ಹಾಕಿದ್ದ ಒಬ್ಬ ಎಡಗೈಯವನು.

"ಮುಗೀತು. ಈ ದರಿದ್ರ ಯಂತ್ರ ನನ್ನ ಮಾನ ಕಳೀತು" ಎಂದು ಅವರು ತಲೆ ಮೇಲೆ ಕೈ ಹೊತ್ತರು.

ತಂಡ ಗೆದ್ದಿತು! ಮರುದಿನವೂ ಗೆದ್ದಿತು. ಅದರ ಮರುದಿನ ಸ್ವತಃ ಮೇಷ್ಟ್ರ ತಂಡವನ್ನು ಹಿಂಡಿ ಹಿಪ್ಪೆ ಮಾಡಿತು. ಅಧ್ಯಕ್ಷರಿಗೆ ಮೊದಲು ನೆಮ್ಮದಿಯಾಯಿತು, ಆಮೇಲೆ ಯಾಕೋ ಹೊಟ್ಟೆ ಉರಿಯಿತು. ಇಷ್ಟು ದಿನ ತಾವು ಸಾಕಿ ಸಲಹಿದ ಹುಡುಗರು ಯಾವುದೋ ಯಂತ್ರದ ಮಾತು ಕೇಳುತ್ತಿದ್ದಾರಲ್ಲ ಎಂದು ನಿಜಕ್ಕೂ ಬೇಸರಪಟ್ಟರು.

ಅಷ್ಟರಲ್ಲಿ ಪ್ಲಂಬರನ ಫೋನು ಬಂತು. "ಅಧ್ಯಕ್ಷರೇ! ಏನ್ ತಲೆ ಸಾರ್ ನಿಮ್ದು!"

ಆಗಲೇ ನಿಜ ಹೇಳಿಬಿಡಬೇಕಿತ್ತು. ಹೇಳಲೆಂದೇ ಬಾಯಿ ತೆರೆದರು. ಆದರೆ ಬೆನ್ನು ನೆಟ್ಟಗಾಗಿಬಿಟ್ಟಿತ್ತು. "ಏನೋ ಸ್ವಲ್ಪ ಅನುಭವ" ಎಂದುಬಿಟ್ಟರು.

ಮೇಷ್ಟ್ರೂ ಫೋನ್ ಮಾಡಿದರು. "ಸಿಡಿಲನ್ನ ಯಾಕೆ ಕೂರಿಸಿದ್ರಿ ಅಧ್ಯಕ್ಷರೇ?"

"ನೋಡಿ ಮೇಷ್ಟ್ರೇ, ತೋಳಿಗೆ ಸುಸ್ತು ಅನ್ನೋದೊಂದು ಇರುತ್ತೆ."

"ಓಹೋ, ಹೌದಾ? ಸ್ವಲ್ಪ ವಿವರವಾಗಿ ಹೇಳಿ" ಎಂದರು ಮೇಷ್ಟ್ರು. ಅಧ್ಯಕ್ಷರು ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡೇ ವಿವರವಾಗಿ ಹೇಳಿದರು.

ಊಟದ ಹೊತ್ತಿಗೆ ಬಾಮೈದ, "ಭಾವ, ನಾಳೆ ಯಾರನ್ನ ಇಳಿಸ್ತೀರಿ?" ಎಂದು ಕೇಳಿದ.

"ಅದು ರಹಸ್ಯ" ಎಂದರು ಅಧ್ಯಕ್ಷರು. ಸುಳ್ಳಲ್ಲ, ಅದು ಅವರಿಗೂ ರಹಸ್ಯವೇ. ಹೆಂಡತಿ ನೀರಿನ ಲೋಟ ಮುಂದೆ ತಳ್ಳಿದಳು.

ಭಾನುವಾರ ಎಲ್ಲರೂ ಸೇರಿದರು. ಬಾಮೈದ ತನ್ನ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ. ಕೊನೇ ಆಟ ಅಧ್ಯಕ್ಷರ ತಂಡಕ್ಕೂ ಬಾಮೈದನ ತಂಡಕ್ಕೂ. ಗೆದ್ದರೆ ಅಧ್ಯಕ್ಷರು ಪ್ಲಂಬರನನ್ನು ದಾಟಿ ಕೊನೇ ಸ್ಥಾನದಿಂದ ಪಾರು, ಸೋತರೆ ಕುರ್ಚಿ ಖಾಲಿ. ಅಧ್ಯಕ್ಷರು ಎಂದೂ ಇಲ್ಲದ ಇಸ್ತ್ರಿ ಅಂಗಿ ತೊಟ್ಟು, ಸಭೆಗಳಲ್ಲಿ ಟೇಬಲ್ಲು ತಟ್ಟಲು ಬಳಸುತ್ತಿದ್ದ ಮೊಳದುದ್ದದ ಹಳೇ ಕೀ ಹಿಡಿದು, ಟಿವಿಯ ಪಕ್ಕದಲ್ಲೇ ನಿಂತು ವಿವರಣೆ ಕೊಡತೊಡಗಿದರು.

"ಈಗ ನೋಡಿ, ಎಡಗೈಯವನನ್ನ ತೆಗೀತೀನಿ" ಎಂದರು. ಯಂತ್ರ ತೆಗೆಯಲಿಲ್ಲ. "ಹಾಗೆ ಅಂದ್ಕೊಂಡು ಎದುರಾಳಿ ಮೋಸ ಹೋಗ್ತಾನೆ, ಅದಕ್ಕೇ ತೆಗೀಲಿಲ್ಲ" ಎಂದರು. ಕೊನೆಯಲ್ಲಿ ಅಧ್ಯಕ್ಷರ ತಂಡ ಒಂದೇ ಒಂದು ಓಟ ಮುಂದಿದ್ದಾಗ ಚೆಂಡೆಸೆಯಲು ಬೆಂಚಿನಿಂದ ಸಿಡಿಲು ಎದ್ದು ಬಂದ. ವಾರವಿಡೀ ರಜ ಉಂಡ ತೋಳು! ಬಾಮೈದನ ದಾಂಡಿಗರು ಗಾಳಿಗೆ ಬ್ಯಾಟು ಬೀಸಿ ಬೀಸಿ ವಾಪಸಾದರು. ಆಟ ಮುಗಿಯಿತು. ಅಧ್ಯಕ್ಷರು ಗೆದ್ದರು!

ಅಧ್ಯಕ್ಷರು ಕುಣಿದರು, ಕೆಮ್ಮಿದರು, ಆಮೇಲೆ ಟೇಬಲ್ಲು ತಟ್ಟಿ ಭಾಷಣಕ್ಕೆ ನಿಂತರು. "ಗೆಳೆಯರೇ, ಇದು ಶಿಸ್ತಿನ ಗೆಲುವು. ಪರಿಶ್ರಮದ ಗೆಲುವು. ಮಾಲೀಕ ಹಗಲಿರುಳು ತಂಡದ ಜೊತೆಗಿದ್ರೆ..."

"ಭಾವ, ಒಂದ್ನಿಮಿಷ" ಎಂದ ಬಾಮೈದ. "ನಿಮ್ಮ ತಂಡದ ಹೆಸರಿನ ಪಕ್ಕ ಅದೇನು ಚಕ್ರ?"

ಅಧ್ಯಕ್ಷರು ತಿರುಗಿ ನೋಡಿದರು. ಫೋನಿನಲ್ಲಿ ಸಾಸಿವೆಯಷ್ಟು ಕಂಡಿದ್ದನ್ನು ಅವರು ಕೊಳೆ ಎಂದು ಒರೆಸಿದ್ದೂ ಉಂಟು. ಟಿವಿಯಲ್ಲಿ ಅದು ತಟ್ಟೆಯಷ್ಟು ದೊಡ್ಡದಾಗಿ, ಹಲ್ಲು ಹಲ್ಲಾಗಿ, ಗಿರಗಿರ ತಿರುಗುತ್ತಿತ್ತು.

"ಮಾಲೀಕ ಕೈಬಿಟ್ಟ ತಂಡ, ಯಂತ್ರ ನಡೆಸ್ತಿದೆ ಅನ್ನೋ ಗುರುತು ಅದು" ಎಂದರು ಮೇಷ್ಟ್ರು, ಪಾಠ ಹೇಳುವ ಧಾಟಿಯಲ್ಲಿ. "ಸೋಮವಾರದಿಂದ ಇದೆ."

"ನಿಮಗೆ... ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು. ನೀವಾಗೇ ಹೇಳ್ತೀರೇನೋ ಅಂತಲೇ ಫೋನ್ ಮಾಡಿದ್ವಿ. ನೀವು ಅಷ್ಟು ಚೆನ್ನಾಗಿ ವಿವರಿಸೋಕೆ ಶುರು ಮಾಡಿದ್ರಲ್ಲ, ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ಪ್ಲಂಬರ್ ಕುರ್ಚಿಯಿಂದ ಜಾರುವಷ್ಟು ನಕ್ಕ. ಅಧ್ಯಕ್ಷರ ಇಸ್ತ್ರಿ ಅಂಗಿ ಬೆವರಿಗೆ ಅಂಟಿಕೊಂಡಿತು. ಅವರು ಆ ಹಳೇ ಕೀಯನ್ನು ಟೇಬಲ್ಲಿನ ಮೇಲೆ ಇಟ್ಟರು. ಇಡುವಾಗ ಕೈ ಸ್ವಲ್ಪ ಹೊತ್ತು ಅದರ ಮೇಲೇ ಇತ್ತು.

ಬಾಮೈದ ಅದನ್ನು ನೋಡಿದ. ನಗು ನಿಲ್ಲಿಸಿ, ಕೀಯನ್ನು ಎತ್ತಿ ಮತ್ತೆ ಅವರ ಕೈಗೇ ಕೊಟ್ಟ. "ಏನ್ ಭಾವ ನೀವು! ಮಾತಿನ ಪ್ರಕಾರ ಕೊನೆಗೆ ಬಂದ್ರೆ ತಾನೆ ಬಿಡೋದು? ಬಂದಿಲ್ವಲ್ಲ. ಅಧ್ಯಕ್ಷರು ನೀವೇ ಇರಿ. ನಿಮ್ಮಷ್ಟು ಗಟ್ಟಿಯಾಗಿ ಟೇಬಲ್ ಗುದ್ದೋಕೆ ನಮಗ್ಯಾರಿಗೂ ಬರಲ್ಲ. ತಂಡ ಮಾತ್ರ ಆ ಯಂತ್ರವೇ ನಡೆಸ್ಕೊಂಡು ಹೋಗ್ಲಿ."

"ಅನುಮೋದನೆ!" ಎಂದ ಪ್ಲಂಬರ್. ಮೇಷ್ಟ್ರೂ ಕೈ ಎತ್ತಿದರು.

ಅಧ್ಯಕ್ಷರಿಗೆ ಸಮಾಧಾನವೂ ಆಯಿತು, ರೋಷವೂ ಬಂತು. "ಅಲ್ರಯ್ಯಾ, ಹೆಸರಿಗೆ ನಾನು ಅಧ್ಯಕ್ಷ, ನಡೆಸೋದೆಲ್ಲಾ ಇನ್ಯಾರೋ! ಇಂಥ ಏರ್ಪಾಡು ಪ್ರಪಂಚದಲ್ಲಿ ಎಲ್ಲಾದ್ರೂ ನಡೆಯುತ್ತಾ?"

ಹೆಂಡತಿ ಕೇಕು ಕತ್ತರಿಸುತ್ತಿದ್ದಳು. ಎಷ್ಟು ತಿಕ್ಕಿದರೂ ಓವನ್ನಿನಿಂದ ಲ್ಯಾಪ್‌ಟಾಪಿನ ವಾಸನೆ ಪೂರ್ತಿ ಹೋಗಿರಲಿಲ್ಲ. ಅವಳು ತಲೆ ಎತ್ತದೆಯೇ ಹೇಳಿದಳು:

"ಯಾಕ್ರೀ ನಡೆಯಲ್ಲ? ಮದುವೆ ಆದಾಗಿಂದ ಈ ಮನೆ ಹಾಗೇ ತಾನೆ ನಡೀತಿರೋದು! ಪಕ್ಕದಲ್ಲಿ ಚಕ್ರ ತಿರುಗಲ್ಲ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಹೂಂ, ಅಧ್ಯಕ್ಷರೇ, ಒಳಗಿಂದ ಆ ತಟ್ಟೆಗಳನ್ನ ತನ್ನಿ."

ಅವಳ ಬಾಯಲ್ಲಿ 'ಅಧ್ಯಕ್ಷರೇ' ಎಂಬ ಮಾತು ಬಂದದ್ದು ಅದೇ ಮೊದಲು. ಅಧ್ಯಕ್ಷರು ಬೆನ್ನು ನೆಟ್ಟಗೆ ಮಾಡಿಕೊಂಡು ತಟ್ಟೆ ತರಲು ಹೋದರು.