ಮೂರು ಸಹಿ ಬಿದ್ದ ಗುಲಾಬಿ ಸಾಬೂನು

ಎಲ್ಲದಕ್ಕೂ ಮೂಲ ಆ ಕ್ಯಾಲೆಂಡರು. ಸಾಬೂನು ಕಾರ್ಖಾನೆಯವರು ಆ ವರ್ಷದ ಕ್ಯಾಲೆಂಡರಿಗೆ ತಮ್ಮ ಪರಿಮಳ ಪರೀಕ್ಷಕ ಸಾಬೂನು ಮೂಸುತ್ತಿರುವ ಫೋಟೋ ಹಾಕಿಸಿದರು. ಅದೂ ಪಕ್ಕದಿಂದ ತೆಗೆದದ್ದು. ನಡುವೆ ಉಬ್ಬಿದ ಅವನ ಮೂಗು ಅರ್ಧ ಹಾಳೆ ಆಕ್ರಮಿಸಿಕೊಂಡಿತ್ತು. ನೋಡಿದವರೆಲ್ಲ ಸಾಬೂನು ಎಲ್ಲಿದೆ ಎಂದು ಕೇಳಿದರು. ಆರು ತಿಂಗಳು ಹಲ್ಲು ಕಚ್ಚಿಕೊಂಡು ಸಹಿಸಿದ ಪರೀಕ್ಷಕ ಏಳನೆಯ ತಿಂಗಳು ರಜೆ ಹಾಕಿ ಮೂಗಿನ ಆಪರೇಷನ್ ಮಾಡಿಸಿಕೊಂಡೇಬಿಟ್ಟ.

ಒಪ್ಪಿಗೆ ಪತ್ರಕ್ಕೆ ಅವನು ಓದದೇ ಸಹಿ ಹಾಕಿದ್ದ. ಪಟ್ಟಿ ಬಿಚ್ಚುವ ದಿನ ಡಾಕ್ಟರ ಕೋಣೆಯ ಹೊರಗೆ ಕೂತು ಹೆಂಡತಿ ಅದರ ಪ್ರತಿಯನ್ನು ನಾಲ್ಕು ಜನಕ್ಕೆ ಕೇಳುವಂತೆ ಓದಿದಳು. ರಕ್ತ ಸುರಿಯಬಹುದು, ಕೀವು ಕಟ್ಟಬಹುದು, ಮೂಗು ಸೊಟ್ಟಗಾಗಬಹುದು, ಉಸಿರಾಟಕ್ಕೆ ತೊಂದರೆಯಾಗಬಹುದು, ಇನ್ನೊಂದು ಆಪರೇಷನ್ ಬೇಕಾಗಬಹುದು. ಕೊನೆಯ ಸಾಲಿಗೆ ಬಂದಾಗ ಮಾತ್ರ ದನಿ ತಗ್ಗಿಸಿದಳು.

"ಅಪರೂಪಕ್ಕೆ ಕೆಲವರಿಗೆ ವಾಸನೆ ಗೊತ್ತಾಗೋದೇ ನಿಂತುಹೋಗುತ್ತಂತೆ ಕಣ್ರೀ. ನಮ್ಮನೇಲಿ ಒಲೆ ಉರಿಯೋದೇ ನಿಮ್ಮ ಮೂಗಿಂದ."

ಪರೀಕ್ಷಕ ಪ್ರತಿಯನ್ನು ಕಸಿದುಕೊಂಡು ಆ ಸಾಲನ್ನು ಎರಡು ಸಲ ಓದಿದ. ಪಟ್ಟಿ ಬಿಚ್ಚಿ ಕನ್ನಡಿ ಹಿಡಿದಾಗ ಹೊಸ ಮೂಗನ್ನು ಅವನು ಸರಿಯಾಗಿ ನೋಡಲೂ ಇಲ್ಲ. ನೋವಾಗದಿರಲೆಂದು ಒಳಗೆ ಮರಗಟ್ಟಿಸುವ ಔಷಧಿ ಹೊಡೆದಿದ್ದರು. ಒಂದು ತಾಸು ಯಾವ ವಾಸನೆಯೂ ತಿಳಿಯುವುದಿಲ್ಲ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದರು ಡಾಕ್ಟರು. ಅವನು ಕಾರ್ಖಾನೆ ತಲುಪುವಷ್ಟರಲ್ಲಿ ಒಂದೂವರೆ ತಾಸಾಗಿತ್ತು.

ಮೇಜಿನ ಮೇಲೆ ಆ ದಿನದ ಮೊದಲ ಗುಲಾಬಿ ಸಾಬೂನು ಕಾದಿತ್ತು. ಅದನ್ನು ಪರೀಕ್ಷಕ, ಪ್ಯಾಕಿಂಗ್ ಅಕ್ಕ, ಗೋದಾಮಿನ ಗುಮಾಸ್ತ ಮೂವರೂ ಬೇರೆಬೇರೆಯಾಗಿ ಮೂಸಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬುದು ನಿಯಮ. ಆದರೆ ಹದಿನಾಲ್ಕು ವರ್ಷದಲ್ಲಿ ಉಳಿದಿಬ್ಬರು ಒಮ್ಮೆಯೂ ಮೂಸಿರಲಿಲ್ಲ. ಪರೀಕ್ಷಕನ ಸಹಿ ಕಂಡರೆ ಕಣ್ಣುಮುಚ್ಚಿ ಕೆಳಗೆ ತಮ್ಮದನ್ನೂ ಗೀಚುತ್ತಿದ್ದರು.

ಅವನು ಮೂಸಿದ. ಏನೂ ಇಲ್ಲ. ಎರಡು ಹೋಳು ಮಾಡಿ ಮೂಸಿದ. ಸುಣ್ಣದ ಗೋಡೆ ಮೂಸಿದಂತಾಯಿತು.

ಅಷ್ಟರಲ್ಲಿ ಮೂಗು ನೋಡಲು ಜನ ಸೇರಿದರು. ಪ್ಯಾಕಿಂಗ್ ಅಕ್ಕ ತರಕಾರಿ ಆರಿಸುವವಳ ಹಾಗೆ ಅವನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಗುಮಾಸ್ತ, ಮೂಗು ಎಡಕ್ಕೆ ಒಂದು ಕೂದಲೆಳೆ ವಾಲಿದೆ, ತನ್ನ ಷಡ್ಡಕ ಇದೇ ಕಾರಣಕ್ಕೆ ಮೂರು ಸಲ ಕೊಯ್ಯಿಸಿಕೊಂಡ ಎಂದು ಧೈರ್ಯ ಹೇಳಿದ. ಇಷ್ಟು ಜನರ ಮುಂದೆ ವಾಸನೆ ಬರುತ್ತಿಲ್ಲ ಎನ್ನುವುದು ಹೇಗೆ? ಪರೀಕ್ಷಕ ಕಣ್ಣು ಮುಚ್ಚಿ, ಗುಲಾಬಿ ಘಮಘಮ ಎನ್ನುತ್ತಿದೆ ಎಂದು ಹೇಳಿ ಸಹಿ ಹಾಕಿದ. ಕೆಳಗೆ ಇನ್ನೆರಡು ಬಿದ್ದವು.

ಜನ ಕರಗಿದ ಮೇಲೆ ಅವನು ಅಕ್ಕನ ಫ್ಲಾಸ್ಕಿನ ಮುಚ್ಚಳ ತೆಗೆದು ಕಾಫಿಯ ಪರಿಮಳಕ್ಕೆ ಮೂಗೊಡ್ಡಿದ. ಬರೀ ಹಬೆ. ಮ್ಯಾನೇಜರ ಕೋಣೆಯ ಬಾಗಿಲಲ್ಲಿದ್ದ ಹೂದಾನಿಗೆ ಮುಖ ಹುದುಗಿಸಿದ. ಅದೂ ಇಲ್ಲ. ಹೊರಗೆ ಅವನ ಸಹಿಯ ಮೇಲೆ ಪೆಟ್ಟಿಗೆಗಳು ಆಳೆತ್ತರ ಬೆಳೆಯುತ್ತಿದ್ದವು. ಊಟದ ಹೊತ್ತಿಗೆ ಮನಸ್ಸು ತಡೆಯಲಿಲ್ಲ. ಬಂದದ್ದು ಬರಲಿ ಎಂದು ಮ್ಯಾನೇಜರ ಮುಂದೆ ಹೋಗಿ ನಿಂತ.

"ಸಾರ್, ನನ್ನ ಮೂಗು ಹೋಯ್ತು. ಆಪರೇಷನ್ ಕೈಕೊಡ್ತು. ಬೆಳಗ್ಗೆಯಿಂದ ಒಂದು ವಾಸನೇನೂ ಬರ್ತಿಲ್ಲ."

ಮ್ಯಾನೇಜರು ಒಂದು ಸಾಬೂನು ತರಿಸಿ ತಾವೇ ಮೂಸಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಮೂಸಿದರು. ಮಿಶ್ರಣ ಮಾಡುವ ಕೋಣೆಗೆ ಫೋನು ಹೋಯಿತು. ಅತ್ತರಿನ ಪೀಪಾಯಿಯ ನಲ್ಲಿಯನ್ನು ಬೆಳಗಿನಿಂದ ಯಾರೂ ತಿರುಗಿಸಿಯೇ ಇರಲಿಲ್ಲ. ವಿಚಾರಿಸಿದಾಗ ಅಕ್ಕ ಗಂಟಲು ನೋವೆಂದು ಬಿಸಿನೀರು ತಂದಿದ್ದಳೆಂದೂ, ಬಾಗಿಲಿನ ಹೂವು ಮೂರು ವರ್ಷದಿಂದ ಪ್ಲಾಸ್ಟಿಕ್ಕಿನದೇ ಎಂದೂ ಗೊತ್ತಾಯಿತು.

ಪರೀಕ್ಷಕ ಅಲ್ಲೇ ಕುರ್ಚಿಯಲ್ಲಿ ಕುಸಿದ. ಹೋದ ಜೀವ ಬಂದಂತಾಗಿ ಗಳಗಳ ಅತ್ತ, ಅಳುತ್ತಲೇ ನಕ್ಕ.

"ಹಾಗಾದ್ರೆ ನನ್ನ ಮೂಗು ಸರಿಯಾಗಿದೆ ಸಾರ್."

"ಮೂಗು ಸರಿಯಾಗಿದೆಯಪ್ಪಾ," ಎಂದರು ಮ್ಯಾನೇಜರು, "ಕೈ ಸರಿಯಿಲ್ಲ. ಬರದೇ ಇರೋ ವಾಸನೆಗೆ ಸಹಿ ಹಾಕುತ್ತೆ."

ಉಳಿದಿಬ್ಬರು ತಮಗೆ ಎರಡು ದಿನದಿಂದ ನೆಗಡಿ ಎಂದು ನುಣುಚಿಕೊಂಡರು. ಪರೀಕ್ಷಕನನ್ನು ಸಹಿ ಬೇಕಿಲ್ಲದ ಜಾಗಕ್ಕೆ, ಅಂದರೆ ಹಿತ್ತಲಿನಲ್ಲಿ ಸಾಬೂನಿಗೆ ಕೊಬ್ಬು ಕಾಯಿಸುವ ಶೆಡ್ಡಿಗೆ, ಆ ಕ್ಷಣದಿಂದಲೇ ವರ್ಗ ಮಾಡಲಾಯಿತು.

ಅವನಿಗೆ ಬೇಸರವೇ ಆಗಲಿಲ್ಲ. ಕೆಲಸ ಉಳಿಯಿತು, ಮೂಗು ಉಳಿಯಿತು, ಇನ್ನೇನು ಬೇಕು? ಸಿಳ್ಳೆ ಹಾಕುತ್ತ ಹೋದ. ಶೆಡ್ಡಿನ ಬಾಗಿಲು ತೆಗೆದದ್ದೇ ತಡ, ಹಳಸಿದ ಕೊಬ್ಬಿನ ನಾತ ಕೆನ್ನೆಗೆ ಬಾರಿಸಿದಂತೆ ಬಂದು ಬಡಿಯಿತು. ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಆದರೂ ಅವನು ಇನ್ನೊಮ್ಮೆ ಎದೆ ತುಂಬ ಎಳೆದುಕೊಂಡ. ವಾಸನೆ ಬರುತ್ತಿತ್ತು, ಹೊಟ್ಟೆ ತೊಳಸುವಷ್ಟು ಚೆನ್ನಾಗಿ ಬರುತ್ತಿತ್ತು.

ಕಡಾಯಿಯ ಮುಂದೆ ಸೌಟು ತಿರುಗಿಸುತ್ತಿದ್ದ ಮುದುಕ ಅವನ ಕಣ್ಣೀರು ನೋಡಿ ಮರುಗಿದ. ಹತ್ತಿರ ಬಂದು ಬೆನ್ನು ಸವರಿದ.

"ಮೊದಮೊದಲು ಕಷ್ಟ ಆಗುತ್ತೆ ತಮ್ಮಾ. ಒಂದು ವರ್ಷ ತಡ್ಕೋ, ಆಮೇಲೆ ಏನೂ ಗೊತ್ತಾಗಲ್ಲ. ಇಲ್ಲಿ ನಮ್ಮಲ್ಲಿ ಒಬ್ಬರಿಗೂ ಯಾವ ವಾಸನೇನೂ ಬರಲ್ಲ, ಮನೇಲಿ ಹಾಲು ಸೀದ್ರೂ."

ಪರೀಕ್ಷಕ ಹೊಸ ಮೂಗನ್ನು ಎರಡೂ ಕೈಯಿಂದ ಮುಚ್ಚಿಕೊಂಡ.